ವ್ಯಯನಾಮ ಸಂವತ್ಸರದ ಜಗಳ

ನನಗೆ ಸಿಟ್ಟು ಬರಲು ಮನುಷ್ಯರೇ ಬೇಕೆಂದಿಲ್ಲ, ಒಂದು ಶಬ್ದ ಸಾಕು. ಯಾರಾದರೂ ನನ್ನನ್ನು ಬೈದರೆ ಎರಡು ದಿನ ಬಿಟ್ಟು ಮರೆಯುತ್ತೇನೆ. ಒಂದು ಶಬ್ದಕ್ಕೆ ಇಲ್ಲದ ಅರ್ಥ ಅಂಟಿಸಿದರೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ. ಇಪ್ಪತ್ತು ವರ್ಷ ಮೂಡಲಗಿಯ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿದವನಿಗೆ ಬರುವ ರೋಗವಿದು. ಇದಕ್ಕೆ ಔಷಧ ಗೋಕಾಕದ ದವಾಖಾನೆಯಲ್ಲೂ ಇಲ್ಲ. ಈ ರೋಗ ಉಲ್ಬಣಿಸಿ ನಾನು ನನ್ನ ಅಕ್ಕನ ಮಗಳ ಲಗ್ನವನ್ನೇ ಮುರಿಯಲು ಹೊರಟಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಆ ಶಬ್ದ ಯಾವುದೋ ಬೈಗುಳವಿರಬೇಕು ಎಂದೀರಿ. ಅಲ್ಲ. ಖರ್ಚು! ಅದನ್ನೇ ಸಂಸ್ಕೃತದಲ್ಲಿ ಹೇಳಿದರೆ, ವ್ಯಯ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಯುಗಾದಿ. ನಮ್ಮ ಅಯ್ಯನವರು ಪಂಚಾಂಗ ಬಿಚ್ಚಿ, ಹೊಸ ಸಂವತ್ಸರದ ಹೆಸರು ‘ವ್ಯಯ’ ಎಂದು ಓದಿದರು. ಅರವತ್ತು ವರ್ಷಕ್ಕೊಮ್ಮೆ ತನ್ನ ಪಾಳಿ ಬಂತೆಂದು ಬಂದ ಹೆಸರು ಅದು. ನಾನು ಬೇವು-ಬೆಲ್ಲ ತಿಂದು ಸುಮ್ಮನೆ ಮನೆಗೆ ಬಂದೆ. ಆದರೆ ಅದೇ ದಿನ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಅದೇ ಹೆಸರನ್ನು ಬಸಗೌಡರು ಕೇಳಿಸಿಕೊಂಡರು. ಅವರ ಮಗನಿಗೆ ನಮ್ಮಕ್ಕನ ಮಗಳು ಗಂಗವ್ವನನ್ನು ಕೊಡುವುದೆಂದು ನಿಶ್ಚಯವಾಗಿ, ವೈಶಾಖದಲ್ಲಿ ಮುಹೂರ್ತ ಇಟ್ಟಾಗಿತ್ತು. ನಾಲ್ಕನೆಯ ದಿನ ಗೌಡರ ಸಂಬಂಧಿಕನೊಬ್ಬ ಬಂದು, ನೀರು ಕೂಡ ಕುಡಿಯದೆ ಹೇಳಿದ: “ಗೌಡ್ರು ಲಗ್ನ ಮುಂದಿನ ವರ್ಷ ಮಾಡೂಣು ಅಂದಾರ್ರೀ. ಈ ವರ್ಷದ ಹೆಸರು ಖರ್ಚಿಂದಂತ. ಮುಂದಿನದು ಸರ್ವಜಿತ್, ಎಲ್ಲಾ ಗೆಲ್ಲೂ ವರ್ಷ.”

ಅಕ್ಕ ನೀಲವ್ವ ಅಕ್ಕಿಯ ಮೊರ ಹತ್ತಿರ ಎಳೆದುಕೊಂಡಳು. ಗಂಡ ಹೋದ ಮೇಲೆ ಮಗಳನ್ನು ಕಟ್ಟಿಕೊಂಡು ನನ್ನ ಮನೆಯಲ್ಲೇ ಇದ್ದಳು. ಗಂಗವ್ವನಿಗೆ ಮೊದಲೊಂದು ಸಂಬಂಧ ಹೀಗೆಯೇ ‘ಮುಂದ ನೋಡೂಣು’ ಎಂದು ಮುಂದೆ ಹೋಗಿ, ಹೋದದ್ದು ತಿರುಗಿ ಬಂದಿರಲಿಲ್ಲ. ಅಕ್ಕ ಮೊರದೊಳಗಿನ ಅಕ್ಕಿಯನ್ನು, ಒಂದು ಕಲ್ಲೂ ಇಲ್ಲದಿದ್ದರೂ, ಆರಿಸುತ್ತಲೇ ಇದ್ದಳು. ಗಂಗವ್ವ ಎದ್ದು ಹಿತ್ತಲಿಗೆ ಹೋದಳು. ನನ್ನ ತಲೆ ಕಾದ ಹಂಚಾಯಿತು.

ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಅಕ್ಕನ ಸಂಕಟಕ್ಕಿಂತ ಶಬ್ದಕ್ಕಾದ ಅವಮಾನವೇ ದೊಡ್ಡದಾಗಿ ಕಂಡಿತು. ಖರ್ಚು ಎಂದರೆ ಏನೆಂದು ತಿಳಿದಿದ್ದಾನೆ ಈ ಮನುಷ್ಯ? ಗೋಕಾಕದ ಸಂತೆಯಲ್ಲಿ ಬೆಲ್ಲದ ವ್ಯಾಪಾರಿ ಸಂಜೆಗೆ ‘ಎಲ್ಲಾ ಖರ್ಚಾತ್ರಿ’ ಎಂದು ನಗುತ್ತ ಚೀಲ ಝಾಡಿಸುತ್ತಾನೆ. ಮಾಲು ಮಾರಿಹೋಯಿತೆಂದು ಅರ್ಥ. ಅದೇ ಬೆಲ್ಲ ಮನೆಗೆ ಬಂದು ವಾರವಾದ ಮೇಲೆ ನನ್ನಾಕಿ ‘ಎಲ್ಲಾ ಖರ್ಚಾತು’ ಎಂದು ಡಬ್ಬಿ ಕುಕ್ಕುತ್ತಾಳೆ. ತೀರಿತೆಂದು ಅರ್ಥ. ಮಾತು ಒಂದೇ, ಮುಖ ಎರಡು. ನಾವು ಖರ್ಚು ಎನ್ನುವುದನ್ನು ಪುಸ್ತಕ ವೆಚ್ಚ ಎನ್ನುತ್ತದೆ, ಪಂಚಾಂಗ ವ್ಯಯ ಎನ್ನುತ್ತದೆ, ಹಳಗನ್ನಡದವರು ಬೀಯ ಎನ್ನುತ್ತಿದ್ದರು. ದಾನ ಕೊಟ್ಟರೂ ವ್ಯಯವೇ, ಸಾಲಿ ಕಟ್ಟಿಸಿದರೂ ವ್ಯಯವೇ. ಇಂಥ ಮನೆತನಸ್ಥ ಶಬ್ದವನ್ನು ಹಿಡಿದು ಅಪಶಕುನ ಎನ್ನುವುದೇ? ಮರುದಿನ ಸಾಲಿಗೆ ರಜೆ ಹಾಕಿದೆ. ಸಾಲಿಯ ಕಪಾಟಿನೊಳಗಿನ ದಪ್ಪ ನಿಘಂಟನ್ನು ಧೋತರದ ತುಂಡಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಗೋಕಾಕದವರೆಗೆ ಮೋಟಾರಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ಎತ್ತುಗಳಿಗೆ ಕೇಳುವಂತೆ ಭಾಷಣ ರೂಢಿ ಮಾಡಿಕೊಂಡೆ.

ಬಸಗೌಡರು ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರ ಜೊತೆ ಕೂತಿದ್ದರು. “ಬರ್ರಿ ಮಾಸ್ತರ್, ಬರ್ರಿ” ಎಂದು ಜಮಖಾನೆಯ ಮೇಲೆ ಜಾಗ ಮಾಡಿದರು. ಈ ಮರ್ಯಾದೆಯಿಂದ ನನ್ನ ಸಿಟ್ಟಿಗೆ ತುಸು ಅಡಚಣೆಯಾಯಿತು. ಆದರೂ ಖರ್ಚು, ವೆಚ್ಚ, ವ್ಯಯ, ಬೀಯ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೌಡರು ಶಾಂತವಾಗಿ ಕೇಳಿ, “ಅಲ್ರಿ ಮಾಸ್ತರ್, ಖರ್ಚು ಅಂದ್ರ ಕೈಯಾಗಿಂದ ಹೋಗೂದು ಹೌದಲ್ಲೋ?” ಎಂದರು.

“ಹೌದ್ರಿ.”

“ಮತ್ತ ಹೋಗೂ ವರ್ಷದಾಗ ಮನಿಗೆ ಸೊಸಿ ಬರೂದು ಹೆಂಗ್ರಿ?”

ಹಿರಿಯರೆಲ್ಲ ತಲೆದೂಗಿದರು. ಉತ್ತರ ಹೊಳೆಯದಿದ್ದಾಗ ನನ್ನ ದನಿ ತಾನಾಗಿ ಏರುತ್ತದೆ. “ನನ್ನ ಮಾತು ಬಿಡ್ರಿ, ಶಾಸ್ತ್ರ ನೋಡ್ರಿ!” ಎಂದು ನಿಘಂಟು ಬಿಚ್ಚಿ, ಪುಟ ಹುಡುಕಿ, ಬೆರಳಿಟ್ಟು ಗೌಡರ ಕೈಗೇ ಕೊಟ್ಟೆ. ನಾನು ಮೊದಲು ಓದಿಕೊಂಡಿರಲಿಲ್ಲ. ಮಾಸ್ತರನಿಗೆ ನಿಘಂಟು ಯಾಕೆ ಬೇಕು? ಗೌಡರು ಮೂಗಿಗೆ ಚಾಳೀಸು ಏರಿಸಿ, ಒಂದೊಂದೇ ಅಕ್ಷರ ಕೂಡಿಸುತ್ತ, ಇಡೀ ಕಟ್ಟೆಗೆ ಕೇಳುವಂತೆ ಓದಿದರು: “ವ್ಯಯ... ಖರ್ಚು... ಕ್ಷಯ... ಹಾನಿ... ನಾಶ.”



“ನಿಘಂಟು ತಪ್ಪೈತಿ!” ಎಂದು ನಾನು ಒದರಿದೆ. ಅಷ್ಟಕ್ಕೇ ಬಿಡದೆ, “ನೀವು ಹೆಣ್ಣು ತರಾಕತ್ತೀರೋ, ಪಂಚಾಂಗ ತರಾಕತ್ತೀರೋ? ಮನಸಿಲ್ಲದಿದ್ರ ಗಂಡಸರಂಗ ಹೇಳ್ರಿ, ಪಾಪ ಆ ವರ್ಷದ ಮ್ಯಾಲ ಯಾಕ ಹಾಕ್ತೀರಿ!” ಎಂದುಬಿಟ್ಟೆ. ಗೌಡರು ಎದ್ದು ನಿಂತರು. ಅವರ ಮುಖ ಕೆಂಪಾದದ್ದನ್ನು ಕಂಡಾಗಲೇ ನನಗೆ, ಒಂದು ಕಲ್ಲೂ ಇಲ್ಲದ ಅಕ್ಕಿ ಆರಿಸುತ್ತಿದ್ದ ಅಕ್ಕ ನೆನಪಾದದ್ದು. ಆದರೆ ಮಾತು ಬಾಯಿ ದಾಟಿ ಆಗಿತ್ತು.

ಆಗ ಒಳಗಿನಿಂದ ಗೌಡರ ತಾಯಿ, ಎಪ್ಪತ್ತರ ಮುದುಕಿ, ಗೋಡೆ ಹಿಡಿದು ಬಾಗಿಲಿಗೆ ಬಂದಳು. “ಯಾಕೋ ಒದರಾಕತ್ತೀರಿ? ಯಾವ ವರ್ಷ ಅಂದ್ರಿ?”

“ವ್ಯಯ, ಯವ್ವಾ” ಎಂದರು ಗೌಡರು.

“ನಾ ಈ ಮನಿಗೆ ಬಂದದ್ದೂ ಅದs ವರ್ಷ. ಒಂಬತ್ತರಾಕಿ ಇದ್ದೆ. ನಮ್ಮತ್ತಿನೂ ನಿನ್ನಂಗs ಹೆಸರಿಗೆ ಅಂಜಿ, ಈ ಹುಡಿಗಿ ಬ್ಯಾಡ ಅಂತ ಕುಂತಿದ್ಲಂತ. ನಮ್ಮ ಮಾವ ಕೇಳ್ಲಿಲ್ಲ. ಅಂವ ಕೇಳಿದ್ರ ನೀ ಎಲ್ಲಿಂದ ಬರ್ತಿದ್ದ್ಯೋ?”

ಗೌಡರು ಕೂತರು. ಹಿರಿಯರಲ್ಲೊಬ್ಬ ನಗು ತಡೆಯಲಾರದೆ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ. ಗೌಡರು, “ವೈಶಾಖದಾಗs ಆಗ್ಲಿ ತಗೋರಿ” ಎಂದರು, ನನ್ನತ್ತ ನೋಡದೆ. ಮುದುಕಿ ಮಾತ್ರ ನೋಡಿದಳು. “ಮಾಸ್ತರ್, ಆ ಪುಸ್ತಕ ಮುಚ್ರಿ. ಏಳ್ರಿ, ರೊಟ್ಟಿ ಆರಾಕತ್ತಾವು.”

ಮನೆಗೆ ಬಂದು, ಲಗ್ನ ವೈಶಾಖದಲ್ಲೇ ಎಂದು ಹೇಳಿದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೆಂಗ ಒಪ್ಪಿದ್ರೋ ತಮ್ಮಾ?” ಎಂದಳು. “ಶಬ್ದದ ಅರ್ಥ ತಿಳಿಸಿ ಹೇಳಿದೆ” ಎಂದೆ. ಮುದುಕಿಯ ಮಾತು ನನ್ನ ಬಾಯಿಂದ ಹೊರಗೆ ಬರಲೇ ಇಲ್ಲ. ಲಗ್ನ ಚೆನ್ನಾಗಿಯೇ ಆಯಿತು. ಗಂಗವ್ವ ಆ ಮನೆಯಲ್ಲಿ ಸುಖವಾಗಿದ್ದಾಳೆ.

ಆ ಗದ್ದಲವೆಲ್ಲ ಮುಗಿದ ಮೇಲೆ ಒಂದು ದಿನ ನನ್ನಾಕಿ ರೊಟ್ಟಿ ಬಡಿಯುತ್ತ, “ಹಿಂದಿನ ಓಣ್ಯಾಗ ಬಾವಿ ಇದ್ದ ಮನಿ ಖಾಲಿ ಆಗೈತಂತ. ನಾವು ಅಲ್ಲಿಗೆ ಹೋಗೂಣೇನ್ರಿ? ಹಳ್ಳದಿಂದ ನೀರು ಹೊತ್ತು ಸಾಕಾಗೈತಿ” ಎಂದಳು. ನಾನು ಸ್ವಲ್ಪ ಯೋಚಿಸಿ, “ಈ ವರ್ಷ ಬ್ಯಾಡ” ಎಂದೆ. “ವರ್ಷದ ಹೆಸರು ಅಷ್ಟು ಸರಿ ಇಲ್ಲ.”

ಅವಳ ಕೈ ರೊಟ್ಟಿಯ ಮೇಲೆಯೇ ನಿಂತಿತು. “ಮತ್ತ ಗೌಡ್ರಿಗೆ ಏನು ಹೇಳಿ ಬಂದ್ರಿ?”

“ಅದು ಬ್ಯಾರೆ, ಇದು ಬ್ಯಾರೆ!” ಎಂದು ನಾನು ಹಂಚು ಅದುರುವಂತೆ ಒದರಿದೆ.

ಆ ಮನೆಗೆ ಬೇರೆ ಯಾರೋ ಬಂದರು. ಮುಂದಿನ ಯುಗಾದಿಯವರೆಗೂ ಅವಳು ದಿನಕ್ಕೆ ಎಂಟು ಕೊಡ ನೀರು ಹೊತ್ತಳು. ನಾನು ಸಂಜೆ ಸಾಲಿಯಿಂದ ಬಂದು ಆ ನೀರಿನಲ್ಲೇ ಕೈಕಾಲು ತೊಳೆದುಕೊಂಡು, ಜಗುಲಿಯ ಮೇಲೆ ಕೂತು, ಹೆಸರಿಗೆ ಅಂಜುವ ಜನರನ್ನು ಬಾಯಿ ತುಂಬ ಬೈಯುತ್ತಿದ್ದೆ.