ಅಲೆವೂರಿನ ಚೀಲದಲ್ಲಿ ಕಾಪುವಿನ ಮಣ್ಣು

ಪರಿಚಯವಿಲ್ಲದವರ ಮನೆಗೆ ಹೋಗಿ "ನಿಮ್ಮ ಜಾಗದಲ್ಲಿ ಸ್ವಲ್ಪ ಅಗೆಯಬೇಕಿತ್ತು" ಎಂದು ಕೇಳುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಹೆಣ್ಣು ಕೇಳಲು ಹೋದವನ ಎದುರಿಗೆ ಶೀರಾ, ಉಪ್ಪಿಟ್ಟು ಬರುತ್ತವೆ. ನೆಲ ಕೇಳಲು ಹೋದವನ ಎದುರಿಗೆ ನಾಯಿ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಸ್ತೆ ಮಾಡಿಸುವ ಕಚೇರಿಯೊಂದಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಇದೇ ಕೆಲಸ. ಹೊಸ ರಸ್ತೆ ಹಾದುಹೋಗಬಹುದಾದ ಖಾಸಗಿ ಜಾಗಗಳಿಗೆ ಹೋಗಿ, ಯಜಮಾನರ ಒಪ್ಪಿಗೆ ಪಡೆದು, ಆಳದ ಮಣ್ಣನ್ನೂ ಅಲ್ಲಿಯ ಬಾವಿಯ ನೀರನ್ನೂ ಪರೀಕ್ಷೆಗೆ ತರಬೇಕು. ಮಣ್ಣು, ನೀರು ನನಗೆ ಎಂದೂ ತೊಂದರೆ ಕೊಟ್ಟವಲ್ಲ. ಕಷ್ಟವೆಲ್ಲ ಯಜಮಾನರದ್ದು.

ಅಲೆವೂರಿನಲ್ಲಿ ಸೆವ್ರಿನ್ ಬಾಯಿ ಎಂಬ ವಿಧವೆಯ ಮಲ್ಲಿಗೆ ತೋಟವಿತ್ತು. ಅದರ ಮೊಗ್ಗುಗಳನ್ನು ನಂಬಿಯೇ ಅವರು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ನಮ್ಮ ನಕ್ಷೆಯ ಕೆಂಪು ಗೆರೆ ಸರಿಯಾಗಿ ಆ ತೋಟದ ನಡುವೆ ಹೋಗಿತ್ತು. ಹಿಂದೆ ಅಳತೆಗೆ ಬಂದವರನ್ನು ಬಾಯಿ ಗದ್ದೆಯಂಚಿನವರೆಗೆ ಓಡಿಸಿಕೊಂಡು ಹೋಗಿದ್ದರೆಂಬ ಸುದ್ದಿ ನನಗೆ ಬಸ್ಸಿನಲ್ಲೇ ಸಿಕ್ಕಿತು. ಆದರೂ ಗೇಟಿನ ತನಕ ಹೋದೆ. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಕೆಮ್ಮೇ ಇಷ್ಟು ಗಡುಸಾಗಿದ್ದರೆ ಮಾತು ಹೇಗಿರಬಹುದೆಂದು ಯೋಚಿಸಿ ಮರಳಿ ಬಸ್ಸು ಹತ್ತಿದೆ. ಕಡಲ ದಂಡೆಯ ಕಾಪುವಿನಲ್ಲಿದ್ದ ನನ್ನ ಬಾಡಿಗೆ ಮನೆಯ ಹಿತ್ತಲಲ್ಲಿ ಗುಂಡಿ ತೋಡಿ ಚೀಲ ತುಂಬಿಸಿ, ಅಲ್ಲಿಯದೇ ನೀರು ಸೇದಿ ಸೀಸೆಗೆ ಹಾಕಿ, ಎರಡಕ್ಕೂ 'ಅಲೆವೂರು' ಎಂಬ ಚೀಟಿ ಅಂಟಿಸಿದೆ. ಎಲ್ಲಿಯದಾದರೂ ಮಣ್ಣು ಮಣ್ಣೇ ಎಂಬುದು ಆಗಿನ ನನ್ನ ವೇದಾಂತ.

ಮೂರನೆಯ ದಿನ ಉಡುಪಿಯ ಕಚೇರಿಯಲ್ಲಿ ನಮ್ಮ ಇಂಜಿನಿಯರು ಕರೆಸಿದರು. ಮೇಜಿನ ಮೇಲೆ ಒಂದು ಕಾಗದ, ಕಾಗದದ ಮೇಲೆ ನನ್ನ ಚೀಲದ ಮಣ್ಣಿನಿಂದ ಆರಿಸಿದ ಚಿಪ್ಪಿನ ಚೂರುಗಳು.

"ಅಲೆವೂರಿಗೆ ಸಮುದ್ರ ಯಾವಾಗ ಬಂತು ಮಾರಾಯ್ರೆ?" ಎಂದು ಮೆಲ್ಲನೆ ಕೇಳಿದರು.

ನಿಜ ಹೇಳಿದೆ. ಅವರು ಬೈಯಲಿಲ್ಲ. "ಈ ಮಣ್ಣನ್ನು ನಂಬಿ ರಸ್ತೆ ಮಾಡಿದ ಮೇಲೆ ಅದು ಕುಸಿದರೆ, ಆಗ ಬಸ್ಸಿನಲ್ಲಿ ಇರುವವರು ಯಾರು? ಹೋಗಿ ಸರಿಯಾದದ್ದು ತನ್ನಿ" ಎಂದರು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಮರುದಿನ ಹೋದಾಗ ಬಾಯಿ ಬಾವಿಕಟ್ಟೆಯ ಹತ್ತಿರ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. "ಬಾಯಮ್ಮ, ನಾನು ರಸ್ತೆಯ ಆಫೀಸಿನವ. ಮೊನ್ನೆಯೇ ಬಂದಿದ್ದೆ. ನಿಮಗೆ ಹೆದರಿ ಬೇರೆ ಮಣ್ಣು ಕೊಟ್ಟು ಸಿಕ್ಕಿಬಿದ್ದೆ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರ ಕೈ ನಿಂತಿತು. "ನನಗೆ ಹೆದರಿದ್ದಾ? ನಿಮ್ಮವರು ಬಂದು ಹೋದ ಮೇಲೆ ನನಗೆ ಸರಿ ಊಟ ಇಲ್ಲ" ಎಂದರು. ದಾರಕ್ಕೆ ಇನ್ನೊಂದು ಮೊಗ್ಗು ಸೇರಿಸುತ್ತ ಕೇಳಿದರು, "ಅಗೆದರೆ ರಸ್ತೆ ಬಂದ ಹಾಗೇ ಅಲ್ವಾ?"

"ಅಗೆಯದಿದ್ದರೂ ಬರಬಹುದು. ಅಗೆದರೆ ನಿಮ್ಮ ನೆಲದಲ್ಲಿ ಎಂತ ಉಂಟು ಅಂತ ಮೇಲಿನವರಿಗೆ ಗೊತ್ತಾಗ್ತದೆ."

"ಹಾಗಾದ್ರೆ ಅಗೆಯಿರಿ. ಗಿಡದ ಬೇರು ಮುಟ್ಟಬಾರದು."

ಕೈಯಿಂದ ತಿರುಗಿಸಿ ನೆಲ ಕೊರೆಯುವ ಕಬ್ಬಿಣದ ಸಲಕರಣೆ ನಮ್ಮದು. ಅರ್ಧಕ್ಕೆ ನನ್ನ ತೋಳು ಸೋತಿತು. ಬಾಯಿ ಸೆರಗು ಸಿಕ್ಕಿಸಿ ಇನ್ನೊಂದು ಹಿಡಿಗೆ ಕೈ ಹಾಕಿದರು. ಅಲ್ಲಿಂದ ಮುಂದೆ ಸಲಕರಣೆಯ ಜೊತೆಗೆ ನಾನೂ ತಿರುಗತೊಡಗಿದೆ. ಒಂದಾಳು ಆಳದಲ್ಲಿ ಬೆಣ್ಣೆಯಷ್ಟು ಮೆದುವಾದ ಬೂದು ಜೇಡಿಮಣ್ಣು ಬಂತು. ಅದರ ಮೇಲೆ ರಸ್ತೆ ನಿಲ್ಲುವಂತಿರಲಿಲ್ಲ. ಮೂರು ಮನೆಯವರು ಕುಡಿಯುವ ಆ ಬಾವಿಯ ನೀರು ಶುದ್ಧವಾಗಿತ್ತು. ರಸ್ತೆಯ ಚರಂಡಿ ಪಕ್ಕಕ್ಕೆ ಬಂದರೆ ಹಾಗೆ ಉಳಿಯುತ್ತಿರಲಿಲ್ಲ. ಎರಡನ್ನೂ ಬರೆದು ಕೊಟ್ಟೆ. ಇಂಜಿನಿಯರು ತಾವೇ ಬಂದು ನೋಡಿ, ಕೆಂಪು ಗೆರೆಯನ್ನು ಪಕ್ಕದ ಗಟ್ಟಿ ಮುರಕಲ್ಲಿನ ಬೋಳುಜಾಗಕ್ಕೆ ಸರಿಸಿದರು. ಸುದ್ದಿ ಹೇಳಲು ಹೋದಾಗ ಬಾಯಿ ತಾವು ಕಟ್ಟುತ್ತಿದ್ದ ಮಲ್ಲಿಗೆಯ ಚೆಂಡನ್ನು ಹಾಗೆಯೇ ನನ್ನ ಕೈಯಲ್ಲಿಟ್ಟರು. ಮದುವೆಯಾಗದ ನಾನು ಅದನ್ನು ಹಿಡಿದು ಬಸ್ಸಿನಲ್ಲಿ ಕೂರಲು ಪಟ್ಟ ಪಾಡು ಬೇರೆಯೇ ಕಥೆ.

ಕಚೇರಿಯಲ್ಲಿ ನನ್ನ ಹೆಸರಿನ ಎದುರು 'ಜನರ ಮನವೊಲಿಸುವುದರಲ್ಲಿ ನಿಪುಣರು' ಎಂದು ಬರೆಯಲಾಯಿತು. ಅದರ ಫಲವಾಗಿ ಉಚ್ಚಿಲದಿಂದ ಕಾರ್ಕಳದವರೆಗೆ ಒಪ್ಪದ ಯಜಮಾನರೆಲ್ಲ ನನ್ನ ಪಾಲಿಗೇ ಬಂದರು. ಮೊದಲನೆಯವರು ನಿಟ್ಟೆಯ ಒಬ್ಬ ನಿವೃತ್ತ ಹವಾಲ್ದಾರರು. ಈ ಸಲ ನಾನು ಹಿಂದಿರುಗಲಿಲ್ಲ. ಅಂಗಳದಲ್ಲಿ ಎದೆ ಸೆಟೆಸಿ ನಿಂತು, ನನ್ನಲ್ಲಿದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದು ಕೂಗಿದೆ.

"ಯಾರ ಮಗು ಅದು ಕೂಗುವುದು, ದಾರಿ ತಪ್ಪಿದ್ದಾ?" ಎಂದು ಕೇಳುತ್ತ ಹವಾಲ್ದಾರರು ಹೊರಗೆ ಬಂದರು.