ಮಾವ ಕೊಟ್ಟ ಪಂಚೆಯ ಕಿವಿ

ರೇಷ್ಮೆಯ ವಿಷಯದಲ್ಲಿ ನಾನು ದೊಡ್ಡ ಪಂಡಿತ. ಓದಿ ಆದವನಲ್ಲ, ಬಾಯಿಂದಲೇ ಆದವನು. ಮದುವೆಯಲ್ಲಿ ಮಾವನವರು ಕೊಟ್ಟ ಬಿಳಿ ರೇಷ್ಮೆ ಪಂಚೆಯನ್ನು ಮುಟ್ಟಿದೊಡನೆ ‘ಕಲಬೆರಕೆ’ ಎಂದು ತೀರ್ಪು ಕೊಟ್ಟಿದ್ದೆ. ನಾನೇ ಆರಿಸಿ ತಂದ ಇನ್ನೊಂದು ಮಾತ್ರ ಅಪ್ಪಟ. ಪೂಜೆಗೆ ಅದನ್ನುಟ್ಟು ಕೂತರೆ ಮಗಳೂ ಮುಟ್ಟುವಂತಿಲ್ಲ, ಮಡಿ! ಮಾವನವರದು ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊ ಬಡಾವಣೆಯ ನಮ್ಮ ಮನೆಯಲ್ಲಿ ಸೂಟ್‌ಕೇಸಿನ ತಳ ಸೇರಿತ್ತು.

ನನ್ನ ಹೆಂಡತಿ ಲತಾ ಸ್ಯಾನ್ ಡಿಯಾಗೋದ ಸಣ್ಣ ಕಂಪನಿಯೊಂದರಲ್ಲಿ ಕಿವಿ ಮಾಡುತ್ತಾಳೆ. ನನ್ನ ಎರಡು ಕಿವಿಗಳೂ ಕೆಲಸ ಮಾಡುವುದಿಲ್ಲವೆಂದು ಅವಳ ದೂರು. ಅದಕ್ಕೇ ಈ ಉದ್ಯೋಗ ಹಿಡಿದಳೋ ಏನೋ. ರೇಷ್ಮೆಯನ್ನು ಕರಗಿಸಿ, ಅದರ ಪ್ರೋಟೀನು ಬೆಳಕಿಗೆ ಹೆಪ್ಪುಗಟ್ಟುವಂತೆ ಹದ ಮಾಡಿ, ಪದರಪದರವಾಗಿ ಬೆಳಕು ಬಿಟ್ಟರೆ ಪ್ರಿಂಟರಿನಲ್ಲಿ ಕಿವಿಯ ಆಕಾರ ಏಳುತ್ತದೆ. ಮುಂದೆ ಅದರೊಳಗೆ ಜೀವಕೋಶ ಬೆಳೆಸುವ ಆಸೆ ಅವರಿಗೆ. ಹೂಡಿಕೆದಾರರು ನೋಡಲು ಬರುವ ಹೊತ್ತಿಗೆ ಸರಿಯಾಗಿ ರೇಷ್ಮೆಗೂಡಿನ ಪಾರ್ಸೆಲ್ ಲಾಸ್ ಏಂಜಲೀಸ್‌ನಲ್ಲಿ ತಪಾಸಣೆಗೆ ಸಿಕ್ಕಿಕೊಂಡಿತು. ಡೆಮೊ ಕೆಟ್ಟರೆ ಲತಾಳ ಪ್ರಾಜೆಕ್ಟಿಗೆ ಬೀಗ.

“ಸೀರೆ ಆಗಲ್ಲ ರೀ, ಬಣ್ಣ ಇದ್ರೆ ಲೈಟ್ ಒಳಗೆ ಹೋಗಲ್ಲ. ನಿಮ್ ಬಿಳೀ ಪಂಚೆ ಕೊಡ್ತೀರಾ?” ಎಂದಳು.

ನನ್ನ ಔದಾರ್ಯ ಉಕ್ಕಿ ಹರಿಯಿತು. “ನಿಮ್ಮಪ್ಪ ಕೊಟ್ಟಿದ್ದು ತಗೊಂಡು ಹೋಗು. ಅದು ಕರಗಿದ್ರೆ ನನ್ ಕಿವೀನೇ ಕೊಯ್ದು ಕೊಡ್ತೀನಿ.”

ಅವಳು ಜರಿ ಅಂಚು ಕತ್ತರಿಸಿ ಒಯ್ದಳು. ಡೆಮೊ ಮುಗಿಸಿ ಬಂದವಳ ಫೋನಿನಲ್ಲಿ ಪುಟ್ಟ, ಪಾರದರ್ಶಕ ಕಿವಿಯ ಚಿತ್ರವಿತ್ತು. “ಸಕ್ಕರೆ ಥರ ಕರಗ್ತು ರೀ. ಪ್ಯೂರ್ ಸಿಲ್ಕ್! ಪ್ರಾಜೆಕ್ಟ್ ಉಳೀತು.”

“ಅಪ್ಪಾ, ಯುವರ್ ಇಯರ್, ಪ್ಲೀಸ್,” ಎಂದು ಮಗಳು ಕೈಚಾಚಿದಳು.

ಲತಾ ಮೈಸೂರಿಗೆ ಫೋನ್ ಮಾಡಿದಳು. ಮಾವನವರು ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು. “ಅಳಿಯಂದ್ರು ಉಡ್ಲೇ ಇಲ್ವಲ್ಲ ಅನ್ಕೊಂಡಿದ್ದೆ. ಒಳ್ಳೇದಕ್ಕೇ ಬಂತು ಬಿಡಮ್ಮ,” ಎಂದುಬಿಟ್ಟರು. ನಿಜವಾಗಿಯೂ ನಾಚಿಕೆಯಾಯಿತು.

“ನಾಳೆ ನಿಮ್ದೂ ಕೊಡಿ, ಜೋಡಿ ಕಿವಿ ಆಗುತ್ತೆ,” ಎಂದಳು ಲತಾ. ಕೊಡುವ ಮೊದಲು ಒಮ್ಮೆ ಪರೀಕ್ಷಿಸೋಣವೆಂದು ಹಿತ್ತಿಲಿಗೆ ಹೋಗಿ ನನ್ನ ಅಪ್ಪಟದ ಒಂದು ಎಳೆ ಸುಟ್ಟು ನೋಡಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ ಚೀಲದ ವಾಸನೆ ಬಿಟ್ಟು, ಕರಗಿ, ಕಪ್ಪು ಉಂಡೆಯಾಯಿತು.

ಅದರ ಮೇಲೆ ತುಂಬಾ ಸೆಂಟಿಮೆಂಟ್ ಇದೆ, ಕೊಡಲಾರೆ ಎಂದು ಲತಾಳಿಗೆ ಹೇಳಿದ್ದೇನೆ. ಶನಿವಾರ ಲಾಸ್ ಏಂಜಲೀಸ್ ಬಳಿಯ ವಾಲ್‌ನಟ್ ಎಂಬ ಊರಿನಲ್ಲಿ ಸ್ನೇಹಿತರ ಗೃಹಪ್ರವೇಶ. ಎಂದಿನಂತೆ ಮಡಿಯಲ್ಲೇ ಹೋಗುತ್ತೇನೆ. ಹೋಮಕುಂಡದಿಂದ ಸ್ವಲ್ಪ ದೂರ ಕೂರುತ್ತೇನೆ, ಅಷ್ಟೆ.