ನೆಟ್ಟಗೆ ನಿಂತ ತಂತಿ

ಶತ್ರುವಿನಿಂದ ಒಂದು ಅನುಕೂಲವಿದೆ. ಅವನಿಂದ ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ಗೊತ್ತಿರುತ್ತದೆ. ನಮ್ಮದೇ ಹವ್ಯಾಸವಿರುವ ಗೆಳೆಯನಿದ್ದರೆ ಮಾತ್ರ ದೇವರೇ ಕಾಪಾಡಬೇಕು. ನನಗೆ ಅಂಥವನೊಬ್ಬನಿದ್ದಾನೆ, ಬ್ಯಾಡಗಿಯ ಮಾದೇವಪ್ಪ. ಅವನದು ಮೆಣಸಿನಕಾಯಿ ವ್ಯಾಪಾರ, ನನ್ನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಇಬ್ಬರೂ ಕೂಡಿ ಓದಿ, ಪರೀಕ್ಷೆ ಬರೆದು, ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದವರು. ಈ ಮೊಬೈಲ್ ಕಾಲದಲ್ಲಿ ರೇಡಿಯೋ ಹಿಡಿದು, ಮುಖ ನೋಡದ ಯಾರನ್ನೋ ಕರೆದು, 'ನನ್ನ ದನಿ ಕೇಳಿಸುತ್ತಿದೆಯೇ?' ಎಂದು ವಿಚಾರಿಸುವ ಹುಚ್ಚೇಕೆ ಎಂದು ನೀವು ಕೇಳಬಹುದು. 'ಕೇಳಿಸುತ್ತಿದೆಯೇ?' ಎಂಬ ಆ ಪ್ರಶ್ನೆಯನ್ನು ಸ್ವಂತ ಮನೆಯಲ್ಲಿ ಕೇಳಿ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಹ್ಯಾಮ್‌ಗಳಿಗೆಂದೇ ಕೆಲವು ಪುಟ್ಟ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿರುತ್ತವೆ. ನಾವು ಕಳಿಸಿದ ದನಿಯನ್ನು ಹಿಡಿದು, ಬೇರೊಂದು ತರಂಗಕ್ಕೆ ಬದಲಿಸಿ, ಮತ್ತೆ ಕೆಳಗೆ ಬಿಡುತ್ತವೆ. ಅವುಗಳ ಬೆನ್ನು ಹತ್ತಲು ಮಾದೇವಪ್ಪ, ಮೋಟಾರಿನ ಮೇಲೆ ತಾನೇ ತಿರುಗುವ ದೊಡ್ಡ ಆಂಟೆನಾ ತರಿಸಿದ. ನಾನು ಪ್ಲಾಸ್ಟಿಕ್ ಪೈಪಿನ ತುದಿಗೆ ತಾಮ್ರದ ತಂತಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲಿ ನಾಲ್ಕು ತಂತಿಗಳನ್ನು ಛತ್ರಿಯ ಕಡ್ಡಿಗಳಂತೆ ಬಾಗಿಸಿ ಬಿಟ್ಟೆ. ಇಂಥ ಆಂಟೆನಾಕ್ಕೆ ನಾಲ್ಕೂ ದಿಕ್ಕಿನ ಸದ್ದು ಕೇಳಿಸುತ್ತದೆ, ನೆತ್ತಿಯ ಮೇಲಿನದು ಮಾತ್ರ ಕೇಳಿಸುವುದಿಲ್ಲ. ಉಪಗ್ರಹ ನಮ್ಮ ಮನೆಯ ಮೇಲೆಯೇ ಬಂದಾಗ ನನ್ನ ಆಂಟೆನಾ ಗಪ್ಪನೆ ಕಿವುಡಾಗುತ್ತಿತ್ತು. ಉಪಗ್ರಹ ಓರೆಯಾಗಿ ಆಕಾಶದ ಅಂಚಿಗೆ ಇಳಿಯುವವರೆಗೆ ನಾನು ಮಾಳಿಗೆಯ ಮೇಲೆ ರೇಡಿಯೋ ಹಿಡಿದು ಕಾಯುತ್ತ ಕೂಡಬೇಕು. ಅಲ್ಲೇ ಹಪ್ಪಳ ಒಣಹಾಕುವ ನನ್ನ ಹೆಂಡತಿ ಗಿರಿಜಾಳ ತಕರಾರೇ ಬೇರೆ. "ರೀ, ಆ ಕೋಲಿನ ಮ್ಯಾಲ ಕಾಗಿ ಕುಂತು, ಯಾವ ಹಪ್ಪಳ ತಿನ್ನಬೇಕಂತ ಆರಿಸಾಕತ್ಯಾವ ನೋಡ್ರಿ."

ಕಾಗೆಯ ಮಾತು ಸಹಿಸಬಹುದು. ಹಾವೇರಿಯ ಶಾಲೆಯೊಂದರಲ್ಲಿ ನಮ್ಮ ಹವ್ಯಾಸಿಗಳು ಪ್ರದರ್ಶನ ಇಟ್ಟಾಗ ಮಾದೇವಪ್ಪ ಮೈಕು ಹಿಡಿದು ಎಲ್ಲರೆದುರು ಅಂದ: "ನಮ್ಮ ಗುರಣ್ಣನ ಕೋಲಿಗೆ ಉಪಗ್ರಹ ಸಿಗಂಗಿಲ್ರಿ. ಬೇಕಾದ್ರ ಆಗಸ್ಟ್ ಹದಿನೈದಕ್ಕ ಝಂಡಾ ಕಟ್ಟಾಕ ಕೊಡತಾನ." ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಇವತ್ತಿಗೂ ಹೊಟ್ಟೆಯಲ್ಲಿ ಉರಿಯುವುದು ಆ ನನ್ನ ನಗುವೇ. ಅಂದಿನಿಂದ ಬ್ಯಾಡಗಿಗೆ ಹೋಗುವುದನ್ನು ಬಿಟ್ಟೆ, ಫೋನನ್ನೂ ಬಿಟ್ಟೆ. ಕೋಲನ್ನು ಮಾತ್ರ ಬಿಡಲಿಲ್ಲ.

ಒಂದು ಸಂಜೆ ಉಪಗ್ರಹ ದಕ್ಷಿಣಕ್ಕೆ ಇಳಿಯುತ್ತಿತ್ತು. ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕರೆ ಗುರುತು ಹೇಳಿ ಕೂಗಿದೆ. ಥಟ್ಟನೆ ಉತ್ತರ ಬಂತು. ತಮಿಳುನಾಡಲ್ಲ, ಶ್ರೀಲಂಕಾ ಅಲ್ಲ, ಬ್ಯಾಡಗಿ!

"ಗುರಣ್ಣ! ಏನ್ ಕ್ಲಿಯರ್ ಐತೋ ಮಾರಾಯ! ಗಂಟಿ ಬಾರಿಸಿದಂಗ ಐತಿ. ನೀನೂ ಮೋಟಾರ್ ತಂದೇನು?"

"ಇಲ್ಲೋ ಮಾದೇವಪ್ಪ, ಅದ ಕೋಲು!"

ಆಮೇಲೆ ಬರೀ ಸರ್ರೆಂಬ ಸದ್ದು. ಮುಳುಗಿದ್ದು ಉಪಗ್ರಹವೋ ಮಾದೇವಪ್ಪನೋ ತಿಳಿಯಲಿಲ್ಲ.

ನನ್ನ ಹಣೆಬರಹ ನೋಡಿ. ಕೋಲು ಕೆಲಸ ಮಾಡುತ್ತದೆ ಎಂಬುದಕ್ಕೆ ಇಡೀ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ಸಾಕ್ಷಿ, ಕೆಲಸ ಮಾಡುವುದಿಲ್ಲ ಎಂದವನು! ಮುಂದಿನ ಸಲ ಹಾವೇರಿಯಲ್ಲಿ ಸೇರಿದಾಗ ನಾನು ಆ ವಿಷಯ ಎತ್ತಿದೆ. ಮಾದೇವಪ್ಪ ನಿರಾಳವಾಗಿ, "ಖರೇ, ಕೇಳಿತ್ತು. ಆದ್ರ ರಾಣೆಬೆನ್ನೂರು ಎಷ್ಟ ದೂರ ಐತ್ರಿ? ಸೀದಾ ಬಂದಿರತೈತಿ. ಉಪಗ್ರಹ ಯಾಕ ಬೇಕು?" ಎಂದ. ಕಳಿಸುವ ತರಂಗವೇ ಬೇರೆ, ಕೇಳುವ ತರಂಗವೇ ಬೇರೆ, ನಡುವೆ ಉಪಗ್ರಹವಿಲ್ಲದೆ ಅದು ಸಾಧ್ಯವೇ ಇಲ್ಲ ಎಂದು ನಾನು ವಿವರಿಸತೊಡಗಿದೆ. ಅಷ್ಟರಲ್ಲಿ ತಿನ್ನಲು ಗಿರಮಿಟ್ಟು, ಮಿರ್ಚಿ ಬಂದವು. ಗಿರಮಿಟ್ಟಿನ ಎದುರು ನನ್ನ ಸತ್ಯದ್ದೇನು ನಡೆದೀತು?

ಮಳೆಗಾಲದ ಮೊದಲ ಗಾಳಿಗೆ ಮಾದೇವಪ್ಪನ ಮೋಟಾರು ಜಾಮಾಗಿ, ಆಂಟೆನಾ ಕಾಗಿನೆಲೆಯ ಕಡೆ ಮುಖ ಮಾಡಿ ನಿಂತುಬಿಟ್ಟಿತು. ಅವನದೇ ಫೋನು ಬಂತು. "ಗುರಣ್ಣ, ನಿನ್ನ ಕೋಲಿನಂಥಾದ್ದ ನನಗೊಂದು ಮಾಡಿಕೊಡೋ." ಇಂಥ ಹೊತ್ತಿಗೆಂದೇ ಎಷ್ಟೊಂದು ಖಾರದ ಮಾತುಗಳನ್ನು ಕೂಡಿಟ್ಟಿದ್ದೆ! ಬಾಯಿಂದ ಬಂದದ್ದು, "ಯಾವಾಗ ಬರ್ಲಿ?" ಬಸ್ಸಿನಲ್ಲಿ ಪೈಪು ಹಿಡಿದು ಹೋಗಿ, ಮೆಣಸಿನಕಾಯಿ ಘಾಟಿಗೆ ಸೀನುತ್ತ, ಅವನ ಮಾಳಿಗೆಯ ಮೇಲೆ ನನ್ನದಕ್ಕಿಂತ ಚೆಂದದ್ದನ್ನು ನಿಲ್ಲಿಸಿ ಬಂದೆ.

ಮೊನ್ನೆ ಹಾವೇರಿಯಲ್ಲಿ ಅವನದೇ ಉಪನ್ಯಾಸ: ಸರಳ ಆಂಟೆನಾದಿಂದ ಉಪಗ್ರಹ ಸಂಪರ್ಕ. ಕೇಳಲು ಬಂದವರೆಲ್ಲ ಹೊಸದಾಗಿ ಲೈಸೆನ್ಸ್ ಪಡೆದವರು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಕೊನೆಗೆ ನಾನೇ ಕೈ ಎತ್ತಿ, "ತಂತಿ ಎಷ್ಟ ಉದ್ದ ಇರಬೇಕ್ರಿ?" ಎಂದೆ. ಮಾದೇವಪ್ಪ ತಡವರಿಸಿ, "ಎರಡು ಮೊಳ" ಎಂದ. ಬೇಕಾದದ್ದು ಒಂದು ಮೊಳ, ಮೇಲೆ ನಾಲ್ಕು ಬೆರಳು. ಎಲ್ಲರೂ ಬರೆದುಕೊಂಡರು. ನಾನು "ಛಲೋ ಹೇಳಿದ್ರಿ" ಎಂದು ಕುಳಿತೆ.

ಮನೆಗೆ ಬಂದು ಈ ವಿಜಯವನ್ನು ಗಿರಿಜಾಳಿಗೆ ಹೇಳಿ ಹೊಟ್ಟೆ ತುಂಬ ನಕ್ಕೆ. ಅವಳು ಹಪ್ಪಳ ಎತ್ತಿಡುತ್ತ ಕೇಳಿದಳು: "ಅಂದ್ರ ಆ ಹೊಸಬ್ರ ಯಾರ ಕೋಲೂ ಕೇಳಂಗಿಲ್ಲ?"

"ಒಂದೂ ಕೇಳಂಗಿಲ್ಲ!"

"ಹಂಗಾರ ಇನ್ನ ನಿಮ್ಮ ಕೂಡ ಮಾತಾಡವ್ರು ಯಾರು?"

ನಿನ್ನೆ ಸಂಜೆ ಮಾಳಿಗೆ ಹತ್ತಿ ಬಹಳ ಹೊತ್ತು ಕೂಗಿದೆ. ಉತ್ತರ ಕೊಟ್ಟವನು ಮಾದೇವಪ್ಪನೊಬ್ಬನೇ.